ಸಂಬಳವಿಲ್ಲದ ಇಂಟರ್ನ್‌ಶಿಪ್: ಖರ್ಚು ಯಾರ ಜೇಬಿನಿಂದ?

ವಿಶ್ವಸಂಸ್ಥೆಯ ಸಚಿವಾಲಯ ಹೊರಡಿಸುವ ಇಂಟರ್ನ್‌ಶಿಪ್ ಪ್ರಕಟಣೆಗಳಲ್ಲಿ, ವಿಭಾಗ ಯಾವುದೇ ಇರಲಿ, ಒಂದು ಪ್ಯಾರಾ ಮಾತ್ರ ಬದಲಾಗುವುದಿಲ್ಲ. ಇಂಟರ್ನ್‌ಗೆ ಸಂಬಳವಿಲ್ಲ, ಪ್ರಯಾಣ, ವೀಸಾ, ವಿಮೆ, ವಸತಿಯ ವೆಚ್ಚವನ್ನು ಇಂಟರ್ನ್ ಅಥವಾ ಅವರನ್ನು ಪ್ರಾಯೋಜಿಸುವ ಸಂಸ್ಥೆ ಭರಿಸಬೇಕು. ಕೆಲಸವೋ ವಾರಕ್ಕೆ ಐದು ದಿನ, ಪೂರ್ಣಾವಧಿ. ಅವಧಿ ಎರಡರಿಂದ ಆರು ತಿಂಗಳು. ಸ್ಥಳ ನ್ಯೂಯಾರ್ಕ್, ಜಿನೀವಾಗಳಂತಹ ದುಬಾರಿ ನಗರಗಳು. 2015ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್‌ನ 22 ವರ್ಷದ ಇಂಟರ್ನ್ ಒಬ್ಬ ಜಿನೀವಾದಲ್ಲಿ ಬಾಡಿಗೆ ಕಟ್ಟಲಾಗದೆ ಗುಡಾರದಲ್ಲಿ ಮಲಗುತ್ತಿದ್ದಾನೆ ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆತ ರಾಜೀನಾಮೆ ಕೊಟ್ಟ. ವಿಷಯದ ಕಡೆಗೆ ಗಮನ ಸೆಳೆಯುವ ಉದ್ದೇಶವೂ ತನಗಿತ್ತು ಎಂದು ಆಮೇಲೆ ತಾನೇ ಒಪ್ಪಿಕೊಂಡ. ಗುಡಾರದಲ್ಲಿ ಸ್ವಲ್ಪ ನಾಟಕ ಇದ್ದಿರಬಹುದು. ಜಿನೀವಾದ ಬಾಡಿಗೆಯಲ್ಲಿ ನಾಟಕವೇನೂ ಇರಲಿಲ್ಲ.

ಇಂತಹ ಇಂಟರ್ನ್‌ಶಿಪ್‌ಗೆ ಆಯ್ಕೆಯಾದ ವಿದ್ಯಾರ್ಥಿ ಮೊದಲು ಹುಡುಕುವುದು ಆ ‘ಪ್ರಾಯೋಜಿಸುವ ಸಂಸ್ಥೆ’ಯನ್ನು. ಅಂತಹ ಸಂಸ್ಥೆಗಳು ಇಲ್ಲವೆಂದಲ್ಲ. ಕಾಲೇಜುಗಳು, ಸರ್ಕಾರಗಳು, ಪ್ರತಿಷ್ಠಾನಗಳು, ಕೆಲವೊಮ್ಮೆ ಕೆಲಸ ಕೊಡುವವರೇ ಹಣ ಕೊಡುತ್ತಾರೆ. ತೊಡಕು ಬೇರೆ ಕಡೆ ಇದೆ. ಆ ಹಣ ಬರುವ ಹೊತ್ತು, ಬರುವ ಕ್ರಮ, ಕೇಳುವ ಕಾಗದಪತ್ರ ಎಲ್ಲವೂ ಈಗಾಗಲೇ ಕೈಯಲ್ಲಿ ನಾಲ್ಕು ಕಾಸು ಇರುವವರಿಗೆ ಅನುಕೂಲವಾಗಿವೆ. ಮೊತ್ತ ಎಷ್ಟು ಎನ್ನುವುದಕ್ಕಿಂತ ಅದು ಯಾವಾಗ ಕೈಸೇರುತ್ತದೆ ಎನ್ನುವುದೇ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ.

ಕಾನೂನು ಬಿಟ್ಟ ಸಂದು

ಪೂರ್ಣಾವಧಿ ಕೆಲಸ ಮಾಡಿಸಿಕೊಂಡು ಸಂಬಳ ಕೊಡದೆ ಇರಲು ಸಾಧ್ಯವಾಗುವುದಾದರೂ ಹೇಗೆ? ಅಮೆರಿಕದ ಉದಾಹರಣೆ ಸ್ವಾರಸ್ಯಕರವಾಗಿದೆ. ಅಲ್ಲಿ ಕನಿಷ್ಠ ವೇತನದ ಕಾಯ್ದೆ ಬಂದದ್ದು 1938ರಲ್ಲಿ. 1947ರಲ್ಲಿ ರೈಲ್ವೆ ಬ್ರೇಕ್‌ಮನ್ ತರಬೇತಿಗೆ ಬಂದವರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತರಬೇತಿಯ ಲಾಭ ಮುಖ್ಯವಾಗಿ ಕಲಿಯುವವನಿಗೇ ಸಲ್ಲುವುದಾದರೆ ಅವನನ್ನು ನೌಕರನೆಂದು ಪರಿಗಣಿಸಬೇಕಿಲ್ಲ ಎಂದಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ‘ಬ್ಲ್ಯಾಕ್ ಸ್ವಾನ್’ ಚಿತ್ರದ ನಿರ್ಮಾಣದಲ್ಲಿ ಬಿಟ್ಟಿ ದುಡಿದ ಇಂಟರ್ನ್‌ಗಳು ಸ್ಟುಡಿಯೋ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಕೆಳಗಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಬದಿಗಿಟ್ಟು, ಹೆಚ್ಚಿನ ಪ್ರಯೋಜನ ಯಾರಿಗೆ ಎಂಬುದನ್ನು ತೂಗಿ ನೋಡುವ ಏಳು ಅಂಶಗಳ ಅಳತೆಗೋಲನ್ನು ಮುಂದಿಟ್ಟಿತು. 2018ರ ಜನವರಿಯಲ್ಲಿ ಕಾರ್ಮಿಕ ಇಲಾಖೆಯೂ ಅದನ್ನೇ ಒಪ್ಪಿಕೊಂಡಿತು.

ಆ ಏಳರಲ್ಲಿ ಒಂದು, ಇಂಟರ್ನ್‌ಶಿಪ್‌ಗೆ ಕಾಲೇಜಿನ ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಅಂಕ, ಸಿಗುತ್ತದೆಯೇ ಎಂಬುದು. ಇದರ ಪರಿಣಾಮ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಸಂಬಳ ಕೊಡದ ಕಂಪನಿ ಕಾನೂನಿನ ರಕ್ಷಣೆಗಾಗಿ, ಕ್ರೆಡಿಟ್ ಸಿಗುವ ವಿದ್ಯಾರ್ಥಿಯೇ ಬೇಕೆನ್ನುತ್ತದೆ. ಕ್ರೆಡಿಟ್ ಬೇಕೆಂದರೆ ಕಾಲೇಜಿಗೆ ಶುಲ್ಕ ಕಟ್ಟಬೇಕು. ಬೇಸಿಗೆ ಅವಧಿಯ ಶುಲ್ಕ ಅನೇಕ ಕಡೆ ಸಾವಿರಾರು ಡಾಲರ್. ಹೀಗೆ ಬಿಟ್ಟಿ ದುಡಿಯುವ ವಿದ್ಯಾರ್ಥಿ, ಬಿಟ್ಟಿ ದುಡಿಯುವ ಹಕ್ಕಿಗಾಗಿ ಕೈಯಿಂದ ಹಣ ತೆರುತ್ತಾನೆ. ವಿದ್ಯಾರ್ಥಿಯನ್ನು ಕಾಪಾಡಲೆಂದು ಇಟ್ಟ ಅಂಶವೇ ಅವನ ಖರ್ಚನ್ನು ಹೆಚ್ಚಿಸಿದ್ದು ಇಲ್ಲಿನ ವಿಪರ್ಯಾಸ. ಆದ್ದರಿಂದಲೇ ಶುಲ್ಕವಿಲ್ಲದೆ ದಾಖಲೆಯಲ್ಲಿ ಮಾತ್ರ ನಮೂದಾಗುವ ಶೂನ್ಯ ಕ್ರೆಡಿಟ್ ವ್ಯವಸ್ಥೆಯನ್ನು ಕೆಲವು ಕಾಲೇಜುಗಳು ಇಟ್ಟುಕೊಂಡಿವೆ. ಧನಸಹಾಯದ ಅರ್ಜಿ ಬರೆಯುವ ಮೊದಲು ಕಾಲೇಜಿನಲ್ಲಿ ಇದನ್ನು ವಿಚಾರಿಸುವುದು ಒಳ್ಳೆಯದು. ಉಳಿಸಿದ ಶುಲ್ಕವೂ ಒಂದು ಅನುದಾನವೇ.

ಯುರೋಪಿನಲ್ಲಿ ಗೆರೆ ಎಳೆದಿರುವುದು ಅವಧಿಯ ಮೇಲೆ. ಫ್ರಾನ್ಸ್‌ನಲ್ಲಿ ಎರಡು ತಿಂಗಳು ಮೀರಿದ ಇಂಟರ್ನ್‌ಶಿಪ್‌ಗೆ ಕಾನೂನು ನಿಗದಿಪಡಿಸಿದ ಕನಿಷ್ಠ ಭತ್ಯೆ ಕೊಡಲೇಬೇಕು. ವಿದ್ಯಾರ್ಥಿ, ಕಾಲೇಜು, ಕಂಪನಿ ಮೂವರ ಸಹಿಯಿರುವ ಒಪ್ಪಂದವೂ ಕಡ್ಡಾಯ. ಜರ್ಮನಿಯಲ್ಲಿ 2015ರಿಂದ ಜಾರಿಯಲ್ಲಿರುವ ಕನಿಷ್ಠ ವೇತನ ಕಾಯ್ದೆಯ ಪ್ರಕಾರ ಸ್ವಇಚ್ಛೆಯ ಇಂಟರ್ನ್‌ಶಿಪ್ ಮೂರು ತಿಂಗಳು ದಾಟಿದರೆ ಕನಿಷ್ಠ ವೇತನ ಸಲ್ಲಬೇಕು. ಪಠ್ಯಕ್ರಮದಲ್ಲೇ ಕಡ್ಡಾಯವಾಗಿರುವ ಇಂಟರ್ನ್‌ಶಿಪ್‌ಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಬ್ರಿಟನ್ನಿನಲ್ಲೂ ಕೋರ್ಸಿನ ಭಾಗವಾಗಿ ಒಂದು ವರ್ಷದವರೆಗೆ ಮಾಡುವ ಕೆಲಸಕ್ಕೆ ಇಂಥದ್ದೇ ವಿನಾಯಿತಿ ಇದೆ. ‘ಕಡ್ಡಾಯ’ ಎಂಬ ಮುದ್ರೆ ಬಿದ್ದೊಡನೆ ಸಂಬಳದ ಹಕ್ಕು ಕಳಚಿಕೊಳ್ಳುತ್ತದೆ. ವಿಶ್ವವಿದ್ಯಾಲಯಗಳು ಉತ್ಸಾಹದಿಂದ ಇಂಟರ್ನ್‌ಶಿಪ್ ಕಡ್ಡಾಯಗೊಳಿಸುವಾಗ ಈ ಮಗ್ಗುಲನ್ನು ನೋಡುವುದು ಅಪರೂಪ.

ಕೆಲಸ ಕೊಡುವವರೇ ಕೊಟ್ಟರೆ

ಧನಸಹಾಯ ಹುಡುಕುವವರಿಗೆ ನನ್ನ ಮೊದಲ ಮಾತು ಸ್ವಲ್ಪ ನಿರಾಸೆ ತರಬಹುದು. ಸಂಬಳವಿಲ್ಲದ ಜಾಗಕ್ಕೆ ಹಣ ಹೊಂದಿಸುವ ಮೊದಲು, ಅದೇ ಬಗೆಯ ಕೆಲಸಕ್ಕೆ ಹಣ ಕೊಡುವ ಜಾಗ ಇದೆಯೇ ನೋಡಿ. ಬಹಳಷ್ಟು ಸಲ ಇರುತ್ತದೆ. ವಿಶ್ವಸಂಸ್ಥೆಯ ಸಚಿವಾಲಯ ಕೊಡುವುದಿಲ್ಲ, ನಿಜ. ಆದರೆ ಅದೇ ಕುಟುಂಬದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಹಳ ಹಿಂದೆಯೇ ಕೊಡಲು ಆರಂಭಿಸಿತು. ಯುನಿಸೆಫ್ ಕೂಡ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. 2018ರಲ್ಲಿ ಅದರ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ನಿರ್ಣಯವೊಂದನ್ನು ಅಂಗೀಕರಿಸಿ, ಆಯ್ಕೆಯಾಗುವ ಇಂಟರ್ನ್‌ಗಳಲ್ಲಿ 2022ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರಾಗಿರಬೇಕೆಂದು ಗುರಿ ಹಾಕಿತು. 2020ರಿಂದ ಭತ್ಯೆ ಆರಂಭವಾಯಿತು. ಜಗತ್ತಿನ ಆರೋಗ್ಯವನ್ನು ನೋಡಿಕೊಳ್ಳುವ ಸಂಸ್ಥೆಗೆ ಅದುವರೆಗೆ ಬರುತ್ತಿದ್ದವರು ಹೆಚ್ಚಾಗಿ ಶ್ರೀಮಂತ ದೇಶಗಳ ಮಕ್ಕಳು ಎಂಬ ಟೀಕೆ ಆ ನಿರ್ಣಯದ ಹಿಂದಿತ್ತು. ಹಣ ಕೊಡದೆ ವೈವಿಧ್ಯ ಬರುವುದಿಲ್ಲ ಎಂಬುದನ್ನು ಒಂದು ದೊಡ್ಡ ಸಂಸ್ಥೆ ಹೀಗೆ ಬರಹದಲ್ಲೇ ಒಪ್ಪಿಕೊಂಡಂತಾಯಿತು.

ವಾಷಿಂಗ್ಟನ್ ಕೂಡ ತಡವಾಗಿಯೇ ಎಚ್ಚೆತ್ತಿತು. ಅಮೆರಿಕದ ಸಂಸತ್ತು 2018ರಲ್ಲಿ ತನ್ನ ಸದಸ್ಯರ ಕಚೇರಿಗಳ ಇಂಟರ್ನ್‌ಗಳಿಗೆಂದೇ ಪ್ರತ್ಯೇಕ ಹಣ ತೆಗೆದಿಟ್ಟಿತು. ಶ್ವೇತಭವನದ ಇಂಟರ್ನ್‌ಗಳಿಗೆ ವೇತನ ಆರಂಭವಾದದ್ದು 2022ರಲ್ಲಿ. ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ನಿನ ‘ಬ್ಲೂ ಬುಕ್’ ತರಬೇತಿ 1960ರಿಂದಲೇ ಇದೆ. ಐದು ತಿಂಗಳ ಅವಧಿ, ತಿಂಗಳ ಭತ್ಯೆ, ಯುರೋಪಿನ ಹೊರಗಿನವರಿಗೂ ಕೆಲವೇ ಕೆಲವು ಜಾಗ. ಆದರೆ ಅದು ಪದವಿ ಮುಗಿಸಿದವರಿಗೆ.

ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಅದೃಷ್ಟ ಹೆಚ್ಚು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಬೇಸಿಗೆ ಕಾರ್ಯಕ್ರಮದಲ್ಲಿ ದಿನಭತ್ಯೆ ಇದೆ. ಕೆನಡಾದ ಮೈಟಾಕ್ಸ್ ಸಂಸ್ಥೆಯ ಗ್ಲೋಬಲಿಂಕ್ ಕಾರ್ಯಕ್ರಮ ಭಾರತವೂ ಸೇರಿದಂತೆ ಆಯ್ದ ದೇಶಗಳ ಪದವಿ ವಿದ್ಯಾರ್ಥಿಗಳನ್ನು 12 ವಾರಗಳ ಸಂಶೋಧನೆಗೆ ಕರೆಸಿಕೊಂಡು ಪ್ರಯಾಣ, ವಸತಿಯ ವೆಚ್ಚಕ್ಕೆ ನೆರವಾಗುತ್ತದೆ. ಜಪಾನಿನ ಓಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಹೋಗಿಬರುವ ಖರ್ಚು, ವಾಸ, ದಿನಭತ್ಯೆ ಮೂರನ್ನೂ ನೋಡಿಕೊಳ್ಳುತ್ತದೆ. ಜರ್ಮನಿಯ ಡಿಎಎಡಿ ಎಂಬ ಶೈಕ್ಷಣಿಕ ವಿನಿಮಯ ಸಂಸ್ಥೆಯ ‘ರೈಸ್’ ಯೋಜನೆ ಉತ್ತರ ಅಮೆರಿಕ, ಬ್ರಿಟನ್, ಐರ್ಲೆಂಡ್‌ಗಳ ವಿದ್ಯಾರ್ಥಿಗಳಿಗೆ. ಭಾರತೀಯರಿಗೆ ಅದೇ ಸಂಸ್ಥೆ ‘ವೈಸ್’ ಎಂಬ ಬೇರೆ ಬಾಗಿಲು ಇಟ್ಟಿದೆ. 1948ರಲ್ಲಿ ಹುಟ್ಟಿದ ಐಯೆಸ್ಟೆ ಎಂಬ ವಿನಿಮಯ ಜಾಲದ ಲೆಕ್ಕವೇ ಬೇರೆ. ನೀವು ನಮ್ಮ ವಿದ್ಯಾರ್ಥಿಗೆ ಒಂದು ಜಾಗ ಕೊಡಿ, ನಾವು ನಿಮ್ಮವರಿಗೆ ಒಂದು ಕೊಡುತ್ತೇವೆ ಎಂಬ ಕೊಡುಕೊಳ್ಳುವಿಕೆ ಅದರ ತಳಹದಿ. ಅಲ್ಲಿನ ಜೀವನವೆಚ್ಚಕ್ಕೆ ಸಾಲುವಷ್ಟನ್ನು ಕೆಲಸ ಕೊಡುವವರೇ ಕೊಡಬೇಕೆಂಬುದು ಮೂಲ ನಿಯಮ.

ಮಾನವಿಕ ವಿಷಯ, ಕಲೆ, ಪತ್ರಿಕೋದ್ಯಮ, ವಸ್ತುಸಂಗ್ರಹಾಲಯ, ಮಾನವ ಹಕ್ಕುಗಳ ಕ್ಷೇತ್ರಗಳಿಗೆ ಹೋಗಬಯಸುವವರಿಗೆ ಇಂತಹ ಸಾಲುದೀಪ ಇಲ್ಲ. ಪ್ರಯೋಗಾಲಯಕ್ಕೆ ಸಂಶೋಧನಾ ಅನುದಾನ ಇರುತ್ತದೆ, ಅದರಲ್ಲೊಂದು ಪಾಲು ವಿದ್ಯಾರ್ಥಿಗೆ ದೊರೆಯುತ್ತದೆ. ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಗೆ ತನ್ನ ಕಾಯಂ ಸಿಬ್ಬಂದಿಯ ಸಂಬಳವೇ ತಿಂಗಳ ಕೊನೆಯ ಚಿಂತೆ. ಅಂಥವರನ್ನು ಶೋಷಕರೆಂದು ಬೈಯುವುದು ಸುಲಭ, ನ್ಯಾಯವಲ್ಲ. ಕಾಲೇಜು ಮತ್ತು ಸರ್ಕಾರದ ಹಣ ನಿಜವಾಗಿ ಬೇಕಾಗಿರುವುದು ಇಲ್ಲಿ.

ಕಾಲೇಜಿನ ಹಣ, ಸರ್ಕಾರದ ಹಣ

ಕಾಲೇಜುಗಳು ಕೊಡುವ ಬೇಸಿಗೆ ಅನುದಾನಕ್ಕೆ ಅಮೆರಿಕದಲ್ಲಿ ದೀರ್ಘ ಪರಂಪರೆ ಇದೆ. ಸ್ಮಿತ್ ಮಹಿಳಾ ಕಾಲೇಜಿನ ‘ಪ್ರ್ಯಾಕ್ಸಿಸ್’ ಯೋಜನೆಯಲ್ಲಿ, ಓದುವ ಅವಧಿಯಲ್ಲಿ ಒಮ್ಮೆ, ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಕಾಲೇಜಿನಿಂದ ಹಣ ಪಡೆಯುವ ಅವಕಾಶ ವಿದ್ಯಾರ್ಥಿನಿಯರಿಗಿದೆ. ಷಿಕಾಗೋ ವಿಶ್ವವಿದ್ಯಾಲಯದ ಮೆಟ್‌ಕಾಫ್ ಕಾರ್ಯಕ್ರಮ ತನ್ನ ಪಟ್ಟಿಯ ಇಂಟರ್ನ್‌ಶಿಪ್‌ಗಳಿಗೆಲ್ಲ ಹಣ ಇರುವಂತೆ ನೋಡಿಕೊಳ್ಳುತ್ತದೆ. ಕಾನೂನು ಕಾಲೇಜುಗಳಲ್ಲಿ ಇನ್ನೂ ಒಂದು ಚೆಂದದ ರೂಢಿ ಇದೆ. ದೊಡ್ಡ ಕಂಪನಿಗಳಲ್ಲಿ ಬೇಸಿಗೆ ಕೆಲಸ ಸಿಕ್ಕ ವಿದ್ಯಾರ್ಥಿಗಳು ತಮ್ಮ ಒಂದು ದಿನದ ಸಂಬಳವನ್ನು ನಿಧಿಗೆ ಕೊಡುತ್ತಾರೆ. ಬಡವರ ಪರ ವಕಾಲತ್ತು ಮಾಡುವ ಕಚೇರಿಗಳಲ್ಲಿ ಸಂಬಳವಿಲ್ಲದೆ ದುಡಿಯುವ ಸಹಪಾಠಿಗಳಿಗೆ ಆ ನಿಧಿ ಹಂಚಿಕೆಯಾಗುತ್ತದೆ. ಸಭಾಂಗಣ ಕಟ್ಟಿಸುವ ದಾನಿಗಳಿಗಿಂತ ಇವರು ಹಣದ ಬೆಲೆ ಬಲ್ಲವರು.

ಈ ಕಾಲೇಜು ಅನುದಾನಗಳ ಷರತ್ತುಗಳನ್ನು ನಿಧಾನವಾಗಿ ಓದಬೇಕು. ಹೆಚ್ಚಿನವು ಲಾಭರಹಿತ ಸಂಸ್ಥೆ ಅಥವಾ ಸರ್ಕಾರಿ ಕಚೇರಿಯ ಕೆಲಸಕ್ಕೆ ಮಾತ್ರ ಅನ್ವಯಿಸುತ್ತವೆ. ವಿದೇಶವಾದರೆ ಅಮೆರಿಕದ ವಿದೇಶಾಂಗ ಇಲಾಖೆ ಪ್ರಯಾಣ ಎಚ್ಚರಿಕೆಯ ನಾಲ್ಕು ಹಂತಗಳಲ್ಲಿ ಆ ದೇಶವನ್ನು ಎಲ್ಲಿ ಇಟ್ಟಿದೆ ಎಂಬುದನ್ನು ನೋಡುತ್ತಾರೆ. ಮೂರು, ನಾಲ್ಕನೇ ಹಂತದಲ್ಲಿದ್ದರೆ ಹಣ ಸಿಗುವುದು ಕಷ್ಟ. ವಾರಕ್ಕೆ ಇಂತಿಷ್ಟು ಗಂಟೆ, ಕನಿಷ್ಠ ಎಂಟು ವಾರ ಎಂಬಂತಹ ನಿಯಮಗಳು ಇರುತ್ತವೆ. ಇವೆಲ್ಲ ಸರಿಯೇ. ಲೆಕ್ಕ ತಪ್ಪುವುದು ಬೇರೆ ಕಡೆ. ಬೇಸಿಗೆಯಲ್ಲಿ ದುಡಿದು ಮುಂದಿನ ವರ್ಷದ ಶುಲ್ಕ, ಪುಸ್ತಕದ ಹಣ ಹೊಂದಿಸುವ ವಿದ್ಯಾರ್ಥಿಗೆ ವಿಮಾನದ ಟಿಕೆಟ್ಟಿಗಿಂತ ದೊಡ್ಡ ಖರ್ಚು, ಆ ಬೇಸಿಗೆಯಲ್ಲಿ ಗಳಿಸದೆ ಹೋದ ಹಣ. ಅನುದಾನದ ಅರ್ಜಿಯ ಬಜೆಟ್ ಪುಟದಲ್ಲಿ ಅದಕ್ಕೊಂದು ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಬೇಸಿಗೆ ಗಳಿಕೆಯಿಂದ ಇಷ್ಟು ತರಬೇಕು ಎಂದು ವಿದ್ಯಾರ್ಥಿಯ ಪಾಲನ್ನು ಲೆಕ್ಕ ಹಾಕುವ ಕೆಲವು ಕಾಲೇಜುಗಳು, ಸಂಬಳವಿಲ್ಲದೆ ದುಡಿದವರಿಗೆ ಆ ಪಾಲನ್ನು ಮನ್ನಾ ಮಾಡುತ್ತವೆ. ಕೇಳಿದವರಿಗೆ ಮಾತ್ರ. ಇದನ್ನು ಇಂಟರ್ನ್‌ಶಿಪ್ ವಿಭಾಗದಲ್ಲಲ್ಲ, ಆರ್ಥಿಕ ನೆರವಿನ ಕಚೇರಿಯಲ್ಲಿ ಕೇಳಬೇಕು.

ಸರ್ಕಾರಿ ಹಣದಲ್ಲಿ ಅತ್ಯಂತ ವ್ಯವಸ್ಥಿತವಾದದ್ದು ಯುರೋಪಿಯನ್ ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್ ಪ್ಲಸ್. ಎರಡರಿಂದ ಹನ್ನೆರಡು ತಿಂಗಳ ವಿದೇಶಿ ತರಬೇತಿಗೆ ಮಾಸಿಕ ಅನುದಾನ, ತರಬೇತಿಗೆ ಹೋಗುವವರಿಗೆ ತಿಂಗಳಿಗೆ 150 ಯೂರೋ ಹೆಚ್ಚುವರಿ, ಹಿಂದುಳಿದ ಹಿನ್ನೆಲೆಯವರಿಗೆ ಇನ್ನೂ 250 ಯೂರೋ. ಪದವಿ ಮುಗಿದ ಒಂದು ವರ್ಷದೊಳಗೂ ಹೋಗಬಹುದು. ಆದರೆ ಆಯ್ಕೆ ಮಾತ್ರ ಪದವಿಗೆ ಮೊದಲೇ ಆಗಿರಬೇಕು. ಈ ಒಂದು ಸಾಲನ್ನು ಗಮನಿಸದೆ ಅವಕಾಶ ಕೈಬಿಟ್ಟವರಿಗೆ ಮತ್ತೆ ದಾರಿಯಿಲ್ಲ. ಅಮೆರಿಕದ ಗಿಲ್ಮನ್ ವಿದ್ಯಾರ್ಥಿವೇತನ, ಪೆಲ್ ಗ್ರ್ಯಾಂಟ್ ಎಂಬ ಕಡಿಮೆ ಆದಾಯದವರ ನೆರವು ಪಡೆಯುವ ಪದವಿ ವಿದ್ಯಾರ್ಥಿಗಳಿಗೆ ಮೀಸಲು. ಸಾಮಾನ್ಯವಾಗಿ 5,000 ಡಾಲರ್‌ವರೆಗೆ ಸಿಗುತ್ತದೆ, ವಿದೇಶದ ಇಂಟರ್ನ್‌ಶಿಪ್‌ಗೂ ಬಳಸಬಹುದು. ನಿಜವಾದ ಅಗತ್ಯವಿರುವವರನ್ನು ಗುರುತಿಸುವ ಕೆಲಸ ಇಲ್ಲಿ ಮೊದಲೇ ಆಗಿರುವುದರಿಂದ ಇದು ನನಗೆ ಇಷ್ಟವಾದ ಮಾದರಿ. ಆದರೆ ಸರ್ಕಾರದ ಹಣಕ್ಕೆ ಸರ್ಕಾರದ ಗಾಳಿ ತಾಗುತ್ತದೆ. 2025ರ ಆರಂಭದಲ್ಲಿ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಹಣವನ್ನು ತಡೆಹಿಡಿದಾಗ ಗಿಲ್ಮನ್ ಸೇರಿದಂತೆ ಹಲವು ಯೋಜನೆಗಳು ಅತಂತ್ರವಾದವು.

ಕೆನಡಾ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿನ ವಿದ್ಯಾರ್ಥಿ ಉದ್ಯೋಗ ತರಬೇತಿ ಯೋಜನೆ ಹಣವನ್ನು ಕೊಡುವುದು ಕೆಲಸ ಕೊಡುವವರಿಗೆ. ವೇತನದ ಅರ್ಧದವರೆಗೆ, ಗರಿಷ್ಠ 5,000 ಕೆನಡಿಯನ್ ಡಾಲರ್. ಅವಕಾಶವಂಚಿತ ಗುಂಪುಗಳ ವಿದ್ಯಾರ್ಥಿಗಳಾದರೆ ಶೇ 70ರವರೆಗೆ, ಗರಿಷ್ಠ 7,000. ವಿದ್ಯಾರ್ಥಿಯ ಕೈಗೆ ಬರುವುದು ಸಹಾಯಧನವಲ್ಲ, ಸಂಬಳ. ಈ ವ್ಯತ್ಯಾಸ ಸಣ್ಣದಲ್ಲ. ಸಂಬಳ ಪಡೆಯುವವನಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಇದೆ. ಅನುದಾನ ಪಡೆದು ಬಿಟ್ಟಿ ದುಡಿಯುವವನಿಗೆ ಅನೇಕ ದೇಶಗಳಲ್ಲಿ ಅದು ಇಲ್ಲ. ಅಮೆರಿಕದ ಕಾಲೇಜುಗಳು ಮತ್ತು ಉದ್ಯೋಗದಾತರ ರಾಷ್ಟ್ರೀಯ ಸಂಘದ ಸಮೀಕ್ಷೆಗಳಲ್ಲಿ, ಸಂಬಳ ಪಡೆದು ಇಂಟರ್ನ್ ಆದವರಿಗೆ ಬಿಟ್ಟಿ ದುಡಿದವರಿಗಿಂತ ಹೆಚ್ಚು ಉದ್ಯೋಗದ ಕರೆಗಳು ಬರುವುದು ಮತ್ತೆ ಮತ್ತೆ ಕಂಡುಬಂದಿದೆ.

ಕೈಗೆ ಬರುವ ಹೊತ್ತು

ಈಗ ಮೊದಲೇ ಹೇಳಿದ ತೊಡಕಿಗೆ ಬರೋಣ. ಅನುದಾನ ಕೊಡುವವರು ಕೆಲಸದ ಪತ್ರ ತೋರಿಸಿ ಎನ್ನುತ್ತಾರೆ. ಕೆಲಸ ಕೊಡುವವರು ನಿಮ್ಮ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ವೀಸಾ ಕಚೇರಿ ಎರಡನ್ನೂ ಕೇಳಿ, ಜೊತೆಗೆ ಬ್ಯಾಂಕಿನ ಲೆಕ್ಕಪತ್ರವನ್ನೂ ಕೇಳುತ್ತದೆ. ಬೇಸಿಗೆಯ ಅನುದಾನಗಳಿಗೆ ಕೊನೆಯ ದಿನಾಂಕ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನ ಸುತ್ತಮುತ್ತ ಬರುತ್ತದೆ; ಸಣ್ಣ ಸಂಸ್ಥೆಗಳು ತಮಗೆ ಇಂಟರ್ನ್ ಬೇಕೋ ಬೇಡವೋ ಎಂದು ನಿರ್ಧರಿಸುವುದೇ ಏಪ್ರಿಲ್‌ನಲ್ಲಿ. ಈ ಬಿರುಕಿನಲ್ಲಿ ಬೀಳುವವರೇ ಹೆಚ್ಚು. ಕೆಲವು ಕಾಲೇಜುಗಳು ಷರತ್ತಿನ ಅರ್ಜಿಯನ್ನು ಸ್ವೀಕರಿಸುತ್ತವೆ: ಈಗ ಅರ್ಜಿ ಹಾಕಿ, ಪತ್ರ ಸಿಕ್ಕ ಮೇಲೆ ಕೊಡಿ. ಅಂತಹ ಅವಕಾಶ ಇದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು, ಪ್ರಕಟಣೆಯಲ್ಲಿ ಬರೆದಿರುವುದಿಲ್ಲ.

ಇನ್ನೊಂದು, ಮರುಪಾವತಿ. ಮೊದಲು ನೀವು ಖರ್ಚು ಮಾಡಿ, ರಸೀದಿ ಕೊಡಿ, ಆಮೇಲೆ ನಾವು ಕೊಡುತ್ತೇವೆ. ಕಚೇರಿಯ ಲೆಕ್ಕಿಗರಿಗೆ ಇದು ಅತ್ಯಂತ ಸುರಕ್ಷಿತ ವಿಧಾನ. ವಿದ್ಯಾರ್ಥಿಗೆ ಇದರ ಅರ್ಥ, ವಿಮಾನದ ಟಿಕೆಟ್, ವೀಸಾ ಶುಲ್ಕ, ವಿಮೆ, ಮನೆಯ ಮುಂಗಡ ಎಲ್ಲವನ್ನೂ ಹೊರಡುವ ಮೊದಲೇ ಸಾಲ ಮಾಡಿ ಕಟ್ಟುವುದು. ಅಪ್ಪನ ಕ್ರೆಡಿಟ್ ಕಾರ್ಡ್ ಇರುವವರಿಗೆ ಇದು ಮೂರು ತಿಂಗಳ ಅನನುಕೂಲ ಮಾತ್ರ. ಇಲ್ಲದವರಿಗೆ ಮಂಜೂರಾದ ಅನುದಾನವೂ ಕಾಗದದ ಮೇಲಿನ ಅಂಕಿ. ಎರಾಸ್ಮಸ್‌ನಂತಹ ಯೋಜನೆಗಳು ಸಾಮಾನ್ಯವಾಗಿ ಹೆಚ್ಚಿನ ಪಾಲನ್ನು ಮುಂಗಡವಾಗಿ ಕೊಟ್ಟು, ಉಳಿದದ್ದನ್ನು ಕೊನೆಯಲ್ಲಿ ಕೊಡುತ್ತವೆ. ಎಲ್ಲ ಅನುದಾನಗಳೂ ಹೀಗೇ ಇರಬೇಕೆಂದು ಒತ್ತಾಯಿಸುವುದು, ಮೊತ್ತ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ಫಲಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊತ್ತ ಹೆಚ್ಚಿಸಲು ದಾನಿ ಬೇಕು. ಪಾವತಿಯ ದಿನ ಬದಲಿಸಲು ಒಂದು ಸುತ್ತೋಲೆ ಸಾಕು. ಕೈಗೆ ಬಂದ ಹಣಕ್ಕೂ ತೆರಿಗೆ ಇರಬಹುದು. ಅಮೆರಿಕದಲ್ಲಿ ಶಿಕ್ಷಣ ಶುಲ್ಕಕ್ಕಲ್ಲದೆ ವಾಸ, ಪ್ರಯಾಣಕ್ಕೆ ಬಳಸುವ ಅನುದಾನ ತೆರಿಗೆಗೆ ಒಳಪಡುತ್ತದೆ.

ವೀಸಾದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಸಂಬಳ ಇಲ್ಲದ ಮೇಲೆ ಅದು ಕೆಲಸವಲ್ಲ, ಪ್ರವಾಸಿ ವೀಸಾ ಸಾಕು ಎಂಬುದು. ಅನೇಕ ದೇಶಗಳ ವಲಸೆ ಕಾನೂನಿಗೆ ಸಂಬಳ ಇದೆಯೋ ಇಲ್ಲವೋ ಮುಖ್ಯವಲ್ಲ. ಅಮೆರಿಕಕ್ಕೆ ಇಂಟರ್ನ್ ಆಗಿ ಹೋಗುವ ವಿದೇಶಿ ವಿದ್ಯಾರ್ಥಿಗೆ ಇರುವ ಜೆ-1 ಎಂಬ ವೀಸಾ ವರ್ಗದಲ್ಲಿ ಅಧಿಕೃತ ಪ್ರಾಯೋಜಕ ಸಂಸ್ಥೆ, ಲಿಖಿತ ತರಬೇತಿ ಯೋಜನೆ, ಆರೋಗ್ಯ ವಿಮೆ ಎಲ್ಲವೂ ಕಡ್ಡಾಯ. ಅವಧಿ 12 ತಿಂಗಳು ಮೀರುವಂತಿಲ್ಲ. ಇದರ ಶುಲ್ಕಗಳನ್ನೂ ಬಜೆಟ್ಟಿನಲ್ಲಿ ಬರೆಯಬೇಕು. ‘ಪ್ರವಾಸಿಯಾಗಿ ಬನ್ನಿ, ಇಲ್ಲಿ ನೋಡಿಕೊಳ್ಳೋಣ’ ಎನ್ನುವ ಸಂಸ್ಥೆಯ ಸಹವಾಸ ಬೇಡ.

ಶುಲ್ಕ ತೆಗೆದುಕೊಂಡು ವಿದೇಶದಲ್ಲಿ ಇಂಟರ್ನ್‌ಶಿಪ್ ಕೊಡಿಸುವ ಏಜೆನ್ಸಿಗಳದ್ದು ಬೇರೆಯದೇ ಲೋಕ. ಕೆಲವು ಪ್ರಾಮಾಣಿಕವಾಗಿ ವಸತಿ, ವಿಮೆ, ಸ್ಥಳೀಯ ನೆರವು ಒದಗಿಸುತ್ತವೆ. ಆದರೂ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಹಣ ಕಟ್ಟಬಾರದು: ಕೆಲಸ ಕೊಡುವ ಸಂಸ್ಥೆಯ ಹೆಸರೇನು, ಅಲ್ಲಿ ನನ್ನ ಮೇಲ್ವಿಚಾರಕರು ಯಾರು? ಶುಲ್ಕ ಕಟ್ಟಿದ ಮೇಲೆ ಹೇಳುತ್ತೇವೆ ಎಂದರೆ ಅಲ್ಲಿಂದ ಎದ್ದು ಬರುವುದು ಲೇಸು.

ಅನುದಾನದ ಹೆಸರಿನಲ್ಲಿ ಸಬ್ಸಿಡಿ

ಕಾಲೇಜು ಮತ್ತು ದಾನಿಗಳು ಈ ಹಣ ಕೊಟ್ಟಾಗ ನಿಜವಾಗಿ ಲಾಭ ಯಾರಿಗೆ? ವಿದ್ಯಾರ್ಥಿಗೆ ಹೌದು, ಸಂದೇಹವಿಲ್ಲ. ಜೊತೆಗೆ, ಕೊಡಬೇಕಾದ ಸಂಬಳ ಉಳಿಸಿಕೊಂಡ ಸಂಸ್ಥೆಗೂ. ಅದು ಸಣ್ಣ ಸ್ವಯಂಸೇವಾ ಸಂಸ್ಥೆಯಾದರೆ ಇದನ್ನು ಸಾರ್ವಜನಿಕ ಸೇವೆಗೆ ಸಂದ ದಾನ ಎನ್ನಬಹುದು. ಕೊಡುವ ಶಕ್ತಿಯಿದ್ದೂ ಕೊಡದ ದೊಡ್ಡ ಸಂಸ್ಥೆಯಾದರೆ ಅದು ಸಬ್ಸಿಡಿ. ಅನುದಾನ ಬರುತ್ತಿರುವಷ್ಟು ಕಾಲ ಅಂತಹ ಸಂಸ್ಥೆಗೆ ತನ್ನ ರೀತಿ ಬದಲಿಸುವ ಅವಸರವಿರುವುದಿಲ್ಲ. ಯುರೋಪಿಯನ್ ಸಂಸತ್ತು 2023ರಲ್ಲಿ ಇಂಟರ್ನ್‌ಗಳಿಗೆ ನ್ಯಾಯಯುತ ಸಂಭಾವನೆ ಬೇಕೆಂದು ನಿರ್ಣಯ ಮಾಡಿದ ಮೇಲೆ, 2024ರ ಮಾರ್ಚ್‌ನಲ್ಲಿ ಕಮಿಷನ್ ಸದಸ್ಯ ದೇಶಗಳು ಪಾಲಿಸಬೇಕಾದ ನಿರ್ದೇಶನವೊಂದರ ಕರಡು ತಂದಿತು. ಇಂಟರ್ನ್‌ಶಿಪ್ ವೇಷದಲ್ಲಿರುವ ಮಾಮೂಲಿ ಉದ್ಯೋಗಗಳನ್ನು ಪತ್ತೆಹಚ್ಚುವುದು ಅದರ ಗುರಿಯಾಗಿತ್ತೇ ಹೊರತು ಸಂಬಳವಿಲ್ಲದ ಇಂಟರ್ನ್‌ಶಿಪ್‌ಗಳನ್ನು ಸಾರಾಸಗಟಾಗಿ ನಿಷೇಧಿಸುವುದಲ್ಲ. ಯುವಜನ ಸಂಘಟನೆಗಳಿಗೆ ಅದು ಸಾಲದೆನಿಸಿತು.

ಆಸ್ಟ್ರೇಲಿಯಾ 2025ರ ಜುಲೈ 1ರಿಂದ ಮಾಡುತ್ತಿರುವುದು ಈ ಚರ್ಚೆಯಲ್ಲಿ ಹೊಸ ಹೆಜ್ಜೆ. ಶಿಕ್ಷಕ ತರಬೇತಿ, ಶುಶ್ರೂಷೆ, ಪ್ರಸೂತಿ ಶುಶ್ರೂಷೆ, ಸಮಾಜಕಾರ್ಯ ಓದುವವರು ಕಡ್ಡಾಯ ತರಬೇತಿಗೆಂದು ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ವಾರಗಳಿಗೆ ಸರ್ಕಾರವೇ ವಾರಕ್ಕೆ ಸುಮಾರು 330 ಆಸ್ಟ್ರೇಲಿಯನ್ ಡಾಲರ್ ಕೊಡುತ್ತಿದೆ. ತರಬೇತಿಯ ವಾರಗಳಲ್ಲಿ ಅರೆಕಾಲಿಕ ಉದ್ಯೋಗ ಬಿಟ್ಟು, ಬಾಡಿಗೆ ಕಟ್ಟಲಾಗದೆ ಓದನ್ನೇ ನಿಲ್ಲಿಸುವವರಿದ್ದಾರೆ ಎಂಬ ದೂರು ಇದರ ಹಿನ್ನೆಲೆ. ಮೊತ್ತ ಕನಿಷ್ಠ ವೇತನಕ್ಕಿಂತ ಬಹಳ ಕಡಿಮೆ, ಆದಾಯದ ಮಿತಿಯೂ ಇದೆ. ಆದರೂ ಕಡ್ಡಾಯ ಮಾಡಿದವರೇ ಖರ್ಚಿನಲ್ಲಿ ಪಾಲು ಹೊರಬೇಕು ಎಂಬ ತತ್ವವನ್ನು ಒಂದು ಸರ್ಕಾರ ಒಪ್ಪಿದಂತಾಗಿದೆ. ಫಿಸಿಯೋಥೆರಪಿ, ಪಶುವೈದ್ಯ, ಮನಶ್ಶಾಸ್ತ್ರದ ವಿದ್ಯಾರ್ಥಿಗಳೂ ಇದೇ ರೀತಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿಯುತ್ತಾರೆ; ಅವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.